ಡೆಸ್ಕು ಗುದ್ದಿಸುತ್ತಿದ್ದ ಮೇಷ್ಟ್ರು

ಕಳೆದ ವಾರ ಹರಿಹರಕ್ಕೆ ಮೇಷ್ಟ್ರೊಬ್ಬರ ಮಣ್ಣಿಗೆ ಹೋಗಿದ್ದೆ. ಮನೆಯ ಮುಂದೆ ಹಾಕಿದ್ದ ಶಾಮಿಯಾನದ ಕೆಳಗೆ ಕೂತಿದ್ದಾಗ ಪಕ್ಕದಲ್ಲಿದ್ದ ಹೆಂಗಸೊಬ್ಬರು, ಅದೇ ಓಣಿಯವರಿರಬೇಕು, ‘ಭಾಳ ಶಾಂತ ಮನುಷ್ಯ ಇದ್ರು ನೋಡ್ರಿ. ಈ ಮನೆಯಿಂದ ಒಂದು ದಿನ ಜೋರು ಸಪ್ಪಳ ಕೇಳಿಲ್ಲ ನಾವು’ ಅಂದರು. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡೆ. ಅಳುತ್ತಿದ್ದೇನೆ ಅಂದುಕೊಂಡು ಆಕೆ ನನ್ನ ಬೆನ್ನು ಸವರಿದರು. ಶಾಂತ ಮನುಷ್ಯರಂತೆ. ಆ ಶಾಂತ ಮನುಷ್ಯರ ದೆಸೆಯಿಂದ ನಾನು ಬ್ಯಾಗಿನಲ್ಲಿ ತಲೆನೋವಿನ ಮಾತ್ರೆ ಇಟ್ಟುಕೊಂಡೇ ಶಾಲೆಗೆ ಹೋಗುತ್ತಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸ್ಟಾಫ್ ರೂಮಿನಲ್ಲೂ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ದಿನಾ ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದುದರಿಂದ ಎಲ್ಲರಿಗೂ ಅವರು ಹರಿಹರದ ಮೇಷ್ಟ್ರು, ಅಷ್ಟೇ. ಇಂಗ್ಲಿಷ್ ಕಲಿಸುತ್ತಿದ್ದರು. ನಾನು ಗಣಿತದವಳು. ಸರಸ್ವತಿ ನಗರದ ಕಡೆಯ ಖಾಸಗಿ ಹೈಸ್ಕೂಲು ಅದು, ಕನ್ನಡ ಮಾಧ್ಯಮ. ಜಾಗ ಸಾಲದೆ ಒಂದು ದೊಡ್ಡ ಹಾಲಿಗೆ ನಡುವೆ ಪ್ಲೈವುಡ್ ಹೊಡೆದು ಎರಡು ಕ್ಲಾಸು ಮಾಡಿದ್ದರು. ಈ ಕಡೆ ಹತ್ತನೇ ಎ, ಆ ಕಡೆ ಹತ್ತನೇ ಬಿ. ಮೂರನೇ ಪೀರಿಯಡ್ಡಿಗೆ ಈ ಕಡೆ ನಾನು, ಆ ಕಡೆ ಅವರು.

ನಾನು ಆ ಶಾಲೆಗೆ ಸೇರಿದ ಮೊದಲ ವಾರ. ವೃತ್ತ ಬರೆದು, ಅದಕ್ಕೆ ಸ್ಪರ್ಶಕ ಎಳೆಯುತ್ತಿದ್ದೇನೆ, ಆ ಕಡೆಯಿಂದ ‘ಧಡ್’ ಅಂತ ಇಡೀ ಕ್ಲಾಸು ಒಟ್ಟಿಗೆ ಡೆಸ್ಕು ಗುದ್ದಿತು. ನನ್ನ ಗೆರೆ ವೃತ್ತದೊಳಗೆ ನುಗ್ಗಿತು. ಒರೆಸಿ ಮತ್ತೆ ಎಳೆದೆ, ಮತ್ತೆ ಧಡ್. ನನ್ನ ಮಕ್ಕಳು ನಗುತ್ತಿದ್ದಾರೆ. ಊಟದ ಬಿಡುವಿನಲ್ಲಿ ನೇರ ಸ್ಟಾಫ್ ರೂಮಿಗೆ ಹೋದೆ. ಮೇಷ್ಟ್ರು ನನಗೆ ಬೆನ್ನು ಮಾಡಿಕೊಂಡು ಏನೋ ಬರೆಯುತ್ತಿದ್ದರು. ‘ಏನ್ ಸರ್ ಇದು, ಪಾಠ ಮಾಡ್ತೀರೋ ಡೊಳ್ಳು ಬಾರಿಸ್ತೀರೋ’ ಅಂದೆ. ತಿರುಗಿ ಕೂಡ ನೋಡಲಿಲ್ಲ. ಎರಡನೇ ಸಲ ಇನ್ನೂ ಜೋರಾಗಿ ಅಂದೆ. ಊಹೂಂ. ಹೊಸಬಳು, ಹೆಂಗಸು, ಲೆಕ್ಕಕ್ಕಿಲ್ಲ ಅಂದುಕೊಂಡರೇನೋ ಎಂದು ಮೈ ಉರಿದುಹೋಯಿತು. ಮೇಜು ಸುತ್ತಿ ಬಂದು ಅವರ ಎದುರಿಗೇ ನಿಂತೆ.

‘ಕೂಡ್ರಿ ಮೇಡಂ’ ಅಂದರು, ಈಗ ತಾನೇ ನೋಡಿದವರಂತೆ.

‘ಕೂಡೋಕೆ ಬಂದಿಲ್ಲ ಸರ್. ನಿಮ್ಮ ಮಕ್ಕಳು ಡೆಸ್ಕು ಗುದ್ದೋದು ನಿಲ್ಲಿಸ್ರಿ.’

‘ಹೆಂಗೆ ಕೇಳ್ತು ನಿಮಗೆ? ಎಲ್ಲರದ್ದೂ ಒಂದೇ ಸಲನೋ, ಬಿಡಿಬಿಡಿಯಾಗೋ?’

‘ಒಂದೇ ಸಲ. ಗೋಡೆ ಬೀಳೋ ಹಂಗೆ.’

ಮೇಷ್ಟ್ರ ಮುಖ ಅರಳಿತು. ‘ಹಂಗಾದ್ರೆ ಪಾಠ ತಲೆಗೆ ಹೋಗೈತೆ ಬಿಡ್ರಿ’ ಅಂದು ಡಬ್ಬಿ ತೆಗೆದು ನನಗೊಂದು ರೊಟ್ಟಿ ಕೊಟ್ಟರು. ಜಗಳಕ್ಕೆ ಹೋದವಳು ಶೇಂಗಾ ಚಟ್ನಿ ನೆಕ್ಕಿಕೊಂಡು ಬಂದೆ. ಆದರೂ ಮುಂದಿನ ಆರು ತಿಂಗಳು ಅವರ ಮೇಲೆ ನನಗೆ ಸಿಟ್ಟು ಇದ್ದೇ ಇತ್ತು, ಸುಳ್ಳು ಯಾಕೆ ಹೇಳಲಿ.

ಅವರು ಮಕ್ಕಳಿಗೆ ಹಿಡಿಸಿದ್ದ ಹುಚ್ಚು ಇಷ್ಟು. ಇಂಗ್ಲಿಷಿನ ಯಾವುದೇ ವಾಕ್ಯ ಕೊಡಲಿ, ಅರ್ಥ ಆಮೇಲೆ. ಮೊದಲು ಅದರ ಫೈನೈಟ್ ವರ್ಬ್ ಯಾವುದು ಹುಡುಕಬೇಕು. ಅಂದರೆ ಕಾಲವನ್ನು ಹೊತ್ತುಕೊಂಡಿರುವ, ವಾಕ್ಯವನ್ನು ನಿಲ್ಲಿಸಿಕೊಂಡಿರುವ ಕ್ರಿಯಾಪದ. ಅದಕ್ಕೆ ಅವರಿಟ್ಟ ಹೆಸರು ಯಜಮಾನ. ಪ್ರತಿ ದಿನ ಒಬ್ಬ ವಿದ್ಯಾರ್ಥಿಗೆ ಬೋರ್ಡಿನ ಪಾಳಿ. ಕ್ಲಾಸಿನಲ್ಲಿ ಯಾರು ಏನು ಕೇಳಿದರೂ, ಏನು ಹೇಳಿದರೂ, ಪಾಳಿಯವರು ಅದನ್ನು ಹೇಳಿದ ಹಾಗೆ ಬೋರ್ಡಿನ ಮೇಲೆ ಬರೆಯಬೇಕು. ಆಮೇಲೆ ಕೋಲು ಹಿಡಿದು ಒಂದೊಂದೇ ಪದ ಮುಟ್ಟಿ ಜೋರಾಗಿ ಓದುತ್ತಾ ಹೋಗಬೇಕು. ಯಜಮಾನ ಬಂದ ಕೂಡಲೇ ಇಡೀ ಕ್ಲಾಸು ಡೆಸ್ಕು ಗುದ್ದಬೇಕು.

ಪ್ಲೈವುಡ್ ಆಚೆಯಿಂದ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ಒಂದು ದಿನ ‘ದಿ ಬಾಯ್ ಸ್ಟ್ಯಾಂಡಿಂಗ್ ನಿಯರ್ ದಿ ಗೇಟ್ ಲುಕ್ಸ್ ಟೈರ್ಡ್’ ಎಂಬ ವಾಕ್ಯ. ಗೇಟಿನ ಹತ್ತಿರ ನಿಂತಿರುವ ಹುಡುಗ ದಣಿದ ಹಾಗೆ ಕಾಣುತ್ತಾನೆ. ಮಕ್ಕಳೆಲ್ಲ ಕೊನೆಯ ‘ಟೈರ್ಡ್’ಗೆ ಗುದ್ದಿದರು. ಮೇಷ್ಟ್ರು ಬೈಯಲಿಲ್ಲ.

‘ನಮ್ಮ ಭಾಷೆಯಾಗೆ ಯಜಮಾನ ಕೊನೇಗೆ ಬಂದು ಕೂಡ್ತಾನೆ. ಅದಕ್ಕೆ ನೀವು ಕೊನೇಗೆ ಹೋಗಿ ಹುಡುಕ್ತೀರಿ. ಇವರ ಮನೆ ಬ್ಯಾರೆ ಥರ ಐತೆ. ಇಲ್ಲಿ ಯಜಮಾನ ನಡುಮನೆಯಾಗೆ ಇರ್ತಾನೆ. ಈಗ ಇದೇ ಮಾತನ್ನ ನಿನ್ನೆಗೆ ಒಯ್ಯಿರಿ. ಯಾವ ಪದ ಬದಲಾತು?’

‘ಲುಕ್ಸ್ ಹೋಗಿ ಲುಕ್ಡ್ ಆತು ಸರ್’ ಎಂದು ಯಾರೋ ಕೂಗಿದರು. ಚಾಕ್ ಆಡಿದ ಸದ್ದು.

‘ಸ್ಟ್ಯಾಂಡಿಂಗ್ ಅಲ್ಲಾಡ್ತಾ? ಇಲ್ಲ. ಐಎನ್‌ಜಿ ಹಚ್ಚಿಕೊಂಡು ಬಂದೋನು ವೇಷದೋನು, ಅವನಿಗೆ ಕೈ ಮುಗೀಬ್ಯಾಡ್ರಿ. ಟು ಹಿಡ್ಕಂಡು ಬಂದೋನೂ ಅಷ್ಟೇ. ಕಾಲ ಬದಲಾದಾಗ ಯಾವನು ಬದಲಾಗ್ತಾನೋ ಅವನೇ ಯಜಮಾನ.’

ಧಡ್. ನನ್ನ ಕಡೆಯ ಗೋಡೆಗೆ ತೂಗುಹಾಕಿದ್ದ ಭಾರತದ ನಕ್ಷೆ ಅಲ್ಲಾಡಿತು.

ಇನ್ನೂ ಕೆಲವು ಚಾಳಿಗಳಿದ್ದವು. ಊಟಕ್ಕೆ ಯಾವಾಗಲೂ ಗೋಡೆಗೆ ಬೆನ್ನು ಹಚ್ಚಿ, ಬಾಗಿಲು ಕಾಣುವ ಹಾಗೆ ಕೂರುವರು. ನೀವು ಮಾತಾಡುವಾಗ ಕಣ್ಣು ಬಿಟ್ಟು ನಿಮ್ಮ ಬಾಯನ್ನೇ ನೋಡುವರು, ಹಲ್ಲಿನಲ್ಲಿ ಏನೋ ಸಿಕ್ಕಿಕೊಂಡಿದೆಯೇನೋ ಎನ್ನಿಸಬೇಕು ಹಾಗೆ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿ ಎಲ್ಲರೂ ಹರಟೆಗೆ ಕೂತರೆ ಇವರು ಬಸ್ಸಿನ ನೆಪ ಹೇಳಿ ಎದ್ದುಬಿಡುವರು. ಗುಂಪಿಗೆ ಸೇರದ ಜಂಬದ ಮನುಷ್ಯ ಅನ್ನುವುದು ನಮ್ಮೆಲ್ಲರ ತೀರ್ಮಾನ.

ಡಿಸೆಂಬರಿನ ಒಂದು ಬೆಳಿಗ್ಗೆ ಎಸ್.ಎಸ್. ಬಡಾವಣೆಯ ಮನೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದೆ. ಶಾಲೆಯ ಹಿಂದಿನ ರಸ್ತೆಯಲ್ಲಿ ಮೇಷ್ಟ್ರು ಮುಂದೆ ನಡೆದು ಹೋಗುತ್ತಿದ್ದಾರೆ. ಅವರ ಬೆನ್ನಿಗೇ ಒಂದು ಗೂಡ್ಸ್ ಆಟೊ ಹಾರ್ನ್ ಹೊಡೆಯುತ್ತಾ ಹತ್ತಿರ ಬಂತು. ಸತ್ತವರೂ ಎದ್ದು ಕೂರಬೇಕು, ಅಂಥ ಹಾರ್ನು. ಮೇಷ್ಟ್ರು ಸರಿಯಲಿಲ್ಲ. ಆಟೊದವನು ಚರಂಡಿಯ ಕಡೆ ತಿರುಗಿಸಿ, ಬೈದುಕೊಂಡು ಹೋದ. ಆ ಬೈಗುಳಕ್ಕೂ ಇವರು ತಲೆ ಎತ್ತಲಿಲ್ಲ. ಸ್ಕೂಟರ್ ನಿಲ್ಲಿಸಿ ಓಡಿ ಹೋಗಿ ಭುಜ ಮುಟ್ಟಿದೆ. ಬೆಚ್ಚಿ ತಿರುಗಿದರು.

ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ‘ಇವತ್ತು ಯಾವ ಬಸ್ಸಿಗೆ ಬಂದ್ರಿ ಸರ್?’ ಅಂದೆ.

‘ಹೌದು ಹೌದು, ಭಾಳ ಚಳಿ ಐತೆ’ ಅಂದರು.

ಸೆರಗು ತೆಗೆದೆ. ನನ್ನ ಮುಖ ನೋಡಿ ಅವರಿಗೆ ತಿಳಿದುಹೋಯಿತು. ಒಂದು ಕಾಂಪೌಂಡಿನ ಪಕ್ಕಕ್ಕೆ ಸರಿದು ನಿಂತು, ಸುತ್ತ ಯಾರಿದ್ದಾರೆ ಎಂದು ನೋಡಿ ಹೇಳಿದರು.

‘ಎಡಗಡೇದು ಪೂರಾ ಹೋಗೈತೆ ಮೇಡಂ. ಬಲಗಡೇದು ಹೋಗೋ ದಾರಿಯಾಗೈತೆ. ನರದ್ದು ಅಂತಾರೆ ಡಾಕ್ಟ್ರು. ಮಷೀನು ಹಾಕಿ ನೋಡಿದೆ. ಫ್ಯಾನು ಕೇಳ್ತೈತೆ, ಬೆಂಚು ಎಳೆಯೋದು ಕೇಳ್ತೈತೆ, ಮಾತೊಂದು ಬಿಟ್ಟು ಎಲ್ಲಾ ಕೇಳ್ತೈತೆ. ತೆಗೆದಿಟ್ಟೆ.’

‘ಮತ್ತೆ ಕ್ಲಾಸು ಹೆಂಗೆ ನಡೆಸ್ತೀರಿ ಸರ್?’

‘ಹೇಳಿದ್ದೆಲ್ಲಾ ಬೋರ್ಡಿನ ಮ್ಯಾಲೆ ಬರ್ತೈತೆ. ಗುದ್ದಿದ್ರೆ ಕಾಲಿಗೆ ಗೊತ್ತಾಗ್ತೈತೆ. ನಾನು ನಿಲ್ಲೋದು ಮರದ ಹಲಗೆ ಮ್ಯಾಲೆ ಅಲ್ಲೇನು. ಯಾರು ತಪ್ಪು ಗುದ್ದಿದ್ರು ಅನ್ನೋದೂ ಗೊತ್ತಾಗ್ತೈತೆ.’

ಆರು ತಿಂಗಳಿಂದ ಯಾವುದನ್ನು ಪಾಠದ ಹುಚ್ಚು ಅಂದುಕೊಂಡಿದ್ದೆನೋ ಅದರ ಮೇಲೇ ಈ ಮನುಷ್ಯನ ಕ್ಲಾಸು ನಿಂತಿತ್ತು.

‘ಮಕ್ಕಳಿಗೆ ಗೊತ್ತೇನು?’

‘ನಾನಾಗಿ ಹೇಳಿಲ್ಲ. ಎಂಟನೇ ಕ್ಲಾಸಿಂದ ನನ್ನ ಕೈಯಾಗೆ ಅದಾವು. ಗೊತ್ತಿರಲ್ಲ ಅಂತೀರಾ?’ ಅಂದರು. ಆಮೇಲೆ, ‘ಹತ್ತನೇದು ಪರೀಕ್ಷೆ ತನಕ ನನ್ನನ್ನ ಬಿಟ್ರೆ ಸಾಕು ಮೇಡಂ. ವಾಕ್ಯ ಹೆಂಗೆ ನಿಲ್ತೈತೆ ಅನ್ನೋದು ಈಗ ಕೈಗೆ ಹತ್ತೈತೆ ಇವಕ್ಕೆ. ಬ್ಯಾರೆಯೋರು ಬಂದು ನೋಟ್ಸ್ ಬರೆಸೋಕೆ ಶುರು ಮಾಡಿದ್ರೆ ಮೂರು ವರ್ಷದ್ದು ಮೂರು ವಾರದಾಗೆ ಹೋಗ್ತೈತೆ’ ಅಂದರು.

ಯಾರಿಗೂ ಹೇಳಬೇಡಿ ಎಂದು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನನಗೆ ಸಿಟ್ಟು ಬರುತ್ತಿತ್ತೇನೋ. ಅವತ್ತಿನಿಂದ ಅವರೊಡನೆ ಎದುರಿಗೆ ನಿಂತು, ಬಾಯಿ ಬಿಟ್ಟು ಮಾತಾಡತೊಡಗಿದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಅವರನ್ನು ಹಿಂದಿನಿಂದ ಕರೆದರೆ ಕೆಮ್ಮುವುದು, ಲೋಟ ಬೀಳಿಸುವುದು, ನಡುವೆ ಬಾಯಿ ಹಾಕುವುದು, ಎಲ್ಲಾ ಮಾಡಿದೆ. ಬಾಯಿ ಹಾಕುವ ಮೇಡಂ ಅಂತ ಹೆಸರೂ ಬಂತು. ಬರಲಿ.

ಆದರೆ ಇಂಥದ್ದು ಎಷ್ಟು ದಿನ ನಡೆದೀತು. ಜನವರಿಯಲ್ಲಿ ಯಾರೋ ಪೋಷಕರು ರಸ್ತೆಯಲ್ಲಿ ಮೇಷ್ಟ್ರನ್ನು ಕೂಗಿ ಕೂಗಿ ಸಾಕಾಗಿ, ಹೋಗಿ ಶಾಲೆಯ ಸೆಕ್ರೆಟರಿಯವರಿಗೆ ಹೇಳಿದರು. ಸೆಕ್ರೆಟರಿ ಅಂದರೆ ಎಪಿಎಂಸಿಯಲ್ಲಿ ದಲಾಲಿ ಅಂಗಡಿ ಇದ್ದವರು. ಕೆಟ್ಟವರಲ್ಲ. ಆದರೆ ಭತ್ತದ ಚೀಲಕ್ಕೆ ಕೈ ಹಾಕಿ ನೋಡದೆ ಮಾತಾಡುವವರೂ ಅಲ್ಲ. ‘ನಾಳೆ ಮೂರನೇ ಪೀರಿಯಡ್ ಸಾಹೇಬ್ರು ಬಿ ಸೆಕ್ಷನ್ನಿನಾಗೆ ಕೂಡ್ತಾರಂತೆ. ಹಿಂದಿನ ಬೆಂಚಿನಾಗೆ’ ಎಂದು ಹೆಡ್ ಮೇಡಂ ನಮ್ಮಿಬ್ಬರಿಗೂ ತಿಳಿಸಿದರು. ಹಿಂದಿನ ಬೆಂಚು ಅನ್ನುವುದನ್ನು ಒತ್ತಿಯೇ ಹೇಳಿದರು. ಕಿವಿ ಕೇಳದ ಮೇಷ್ಟ್ರನ್ನು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲವೆಂದು ಸೆಕ್ರೆಟರಿ ಆಗಲೇ ಅಂದಿದ್ದರಂತೆ.

‘ರಜೆ ಹಾಕ್ರಿ ಸರ್’ ಅಂದೆ, ಅವರೊಬ್ಬರೇ ಸಿಕ್ಕಾಗ.

‘ನಾಳೆ ಹಾಕಿದ್ರೆ ಅವರು ನಾಡಿದ್ದು ಬರ್ತಾರೆ.’

‘ಟೆಸ್ಟ್ ಕೊಟ್ಟು ಕೂಡಿಸ್ರಿ. ಮಾತೇ ಬರಲ್ಲ.’

‘ನಾಳೆ ಪಾಠ ಐತಲ್ರಿ’ ಅಂದರು. ಅವರ ಜೊತೆ ವಾದ ಮಾಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ.

ಮಾರನೇ ದಿನ ಪ್ರಾರ್ಥನೆಗೆ ಮೊದಲೇ ನಾನು ನಲ್ಲಿಯ ಹತ್ತಿರ ರೇಣುಕಾಳನ್ನು ಹಿಡಿದೆ. ಮಂಡಕ್ಕಿ ಭಟ್ಟಿಯವರ ಮಗಳು, ಬಿ ಸೆಕ್ಷನ್ನಿನಲ್ಲಿ ಮೊದಲ ಬೆಂಚು. ಅವತ್ತು ಬೋರ್ಡಿನ ಪಾಳಿ ಅವಳದು.

‘ಸೆಕ್ರೆಟರಿ ಸಾಹೇಬ್ರು ಪಾಠದ್ದು ಏನು ಕೇಳಿದ್ರೂ ಬರಿ. ಕಿವಿ ಗಿವಿ ಅಂತ ಏನಾದ್ರೂ ಅಂದ್ರೆ ಬರೀಬ್ಯಾಡ. ಬ್ಯಾರೆ ಏನಾದ್ರೂ ಬರಿ. ತಿಳೀತಾ?’

ಹುಡುಗಿ ನನ್ನ ಮುಖ ನೋಡಿ ತಲೆಯಾಡಿಸಿತು. ಅದು ಸರಿಯೋ ತಪ್ಪೋ ಅಂತ ನಾನು ಯೋಚನೆ ಮಾಡಲಿಲ್ಲ. ಇವತ್ತು ಆ ನಲ್ಲಿಯ ಹತ್ತಿರ ನಿಲ್ಲಿಸಿದರೆ ಇವತ್ತೂ ಅದನ್ನೇ ಹೇಳುತ್ತೇನೆ.

ಮೂರನೇ ಪೀರಿಯಡ್. ನನ್ನ ಮಕ್ಕಳಿಗೆ ಲೆಕ್ಕ ಕೊಟ್ಟು, ‘ಉಸಿರು ಬಿಟ್ರೆ ಹೊರಗೆ ಹಾಕ್ತೀನಿ’ ಅಂದೆ. ಪ್ಲೈವುಡ್ಡಿಗೆ ಭುಜ ಆನಿಸಿ ನಿಂತೆ. ಆ ಕಡೆ ಹಿಂದಿನ ಬೆಂಚಿನ ಪಕ್ಕಕ್ಕೆ ಕುರ್ಚಿಯನ್ನು ಎಳೆದುಕೊಂಡು ಹೋದ ಸದ್ದು. ಮೇಷ್ಟ್ರ ದನಿ ಎಂದಿನ ಹಾಗೇ ಇತ್ತು. ಒಂದು ವಾಕ್ಯ, ಧಡ್. ಇನ್ನೊಂದು ವಾಕ್ಯ, ಧಡ್. ಹೊರಗಿನವರು ಕೂತಿದ್ದಾರೆಂದು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಹಿಂದಿನಿಂದ ಸೆಕ್ರೆಟರಿಯವರ ದನಿ ಬಂತು. ‘ಮೇಷ್ಟ್ರೆ, ನಾನೊಂದು ಹೇಳ್ತೀನಿ. ದಿ ಲಾರಿ ಬ್ರಿಂಗಿಂಗ್ ಪ್ಯಾಡಿ ಫ್ರಮ್ ಹರಿಹರ್ ಟು ಸೆಲ್ ಹಿಯರ್ ಹ್ಯಾಸ್ ನಾಟ್ ಕಮ್. ಇದರಾಗೆ ಎಲ್ಲೈತೆ ನಿಮ್ಮ ಯಜಮಾನ?’

ಇಲ್ಲಿ ಮಾರಲಿಕ್ಕೆ ಹರಿಹರದಿಂದ ಭತ್ತ ತರುತ್ತಿರುವ ಲಾರಿ ಬಂದಿಲ್ಲ. ಅವರ ಅಂಗಡಿಯ ಅವತ್ತಿನ ತಾಪತ್ರಯವೇ ಇರಬೇಕು. ಚಾಕ್ ಬೋರ್ಡಿನ ಮೇಲೆ ಓಡಿತು. ಕೋಲು ಒಂದೊಂದೇ ಪದ ಮುಟ್ಟುತ್ತಾ ಹೊರಟಿತು. ‘ಬ್ರಿಂಗಿಂಗ್’ ಬಂತು, ನಿಶ್ಶಬ್ದ. ‘ಸೆಲ್’ ಬಂತು. ಹಿಂದೆಲ್ಲೋ ಒಂದೇ ಒಂದು ಡೆಸ್ಕು ಟಪ್ ಅಂದಿತು. ನಾನು ಕಣ್ಣು ಮುಚ್ಚಿಕೊಂಡೆ.

‘ಎಡಗಡೆ ಸಾಲು, ಕೊನೇ ಡೆಸ್ಕು’ ಅಂದರು ಮೇಷ್ಟ್ರು, ‘ಟು ಹಿಡ್ಕಂಡು ಬಂದೋನಿಗೆ ಕೈ ಮುಗಿದ್ರಿ ನೀವು. ಕೂಡ್ರಿ. ಮುಂದೆ.’

ಮಕ್ಕಳು ನಕ್ಕರು. ಸೆಕ್ರೆಟರಿಯವರೂ ನಕ್ಕ ಹಾಗೆ ಕೇಳಿತು. ‘ಹ್ಯಾಸ್’ ಬಂದಾಗ ಎದ್ದ ಧಡ್ಡಿಗೆ ನನ್ನ ಭುಜ ನಡುಗಿತು. ಅಷ್ಟು ತಿಂಗಳಲ್ಲಿ ಅಂಥ ಗುದ್ದು ನಾನು ಕೇಳಿರಲಿಲ್ಲ. ಗೆದ್ದೆವು ಅಂದುಕೊಂಡೆ.

‘ಪಾಠ ಚಲೋ ಐತೆ ಮೇಷ್ಟ್ರೆ’ ಅಂದರು ಸೆಕ್ರೆಟರಿ. ಈಗ ಅವರ ದನಿ ತಗ್ಗಿತ್ತು. ‘ಒಂದು ಮಾತು ಕೇಳ್ತೀನಿ. ನಿಮಗೆ ಕಿವಿ ಕೇಳ್ತೈತೋ ಇಲ್ಲೋ?’

ಚಾಕ್ ಅಲ್ಲಾಡಲಿಲ್ಲ. ಬರೀಬ್ಯಾಡ ಕಣೆ, ಬರೀಬ್ಯಾಡ, ಎಂದು ಮನಸ್ಸಿನಲ್ಲೇ ಅಂದುಕೊಂಡೆ.

‘ಸಾಹೇಬ್ರು ಏನೋ ಅಂದ್ರು. ಬರಿ ರೇಣುಕಾ’ ಅಂದರು ಮೇಷ್ಟ್ರು. ಮಕ್ಕಳ ಮುಖ ನೋಡಿ ಅವರಿಗೆ ಗೊತ್ತಾಗಿರಬೇಕು. ಚಾಕ್ ಸುಮ್ಮನಿತ್ತು. ‘ಬರಿ ಮಗಳೆ.’

ಚಾಕ್ ಆಡತೊಡಗಿತು. ಏನು ಬರೆಯುತ್ತಿದ್ದಾಳೆ ಎಂದು ಸದ್ದಿನ ಮೇಲೆ ತಿಳಿಯಲು ನೋಡಿದೆ, ತಿಳಿಯಲಿಲ್ಲ. ಬ್ಯಾರೆ ಏನಾದ್ರೂ ಬರಿ ಅಂದಿದ್ದೆನಲ್ಲ, ಅದನ್ನೇ ಬರೆಯುತ್ತಿದ್ದಾಳೆ ಅಂದುಕೊಂಡೆ. ಚಾಕ್ ನಿಂತಿತು. ಮೇಷ್ಟ್ರು ಬೋರ್ಡು ನೋಡಿ, ಉಳಿದ ವಾಕ್ಯಗಳನ್ನು ಓದುವ ದನಿಯಲ್ಲೇ ಓದಿದರು.

‘ನಿಮಗೆ ಕಿವಿ ಕೇಳ್ತೈತೋ ಇಲ್ಲೋ.’

‘ಇಲ್ಲ ಸರ್’ ಅಂದರು ಮೇಷ್ಟ್ರು. ‘ಕೇಳಲ್ಲ.’

‘ಎಷ್ಟು ದಿನ ಆತು?’

ಮತ್ತೆ ಚಾಕ್. ಈ ಸಲ ಅದು ತಡೆಯಲಿಲ್ಲ.

‘ಈ ಮಕ್ಕಳು ಎಂಟನೇ ಕ್ಲಾಸಿಗೆ ಬಂದಾಗಿಂದ ಸರ್.’

ಸೆಕ್ರೆಟರಿಯವರ ಕುರ್ಚಿ ಹಿಂದಕ್ಕೆ ಸರಿಯಿತು. ಚಪ್ಪಲಿಯ ಸದ್ದು ಬೆಂಚುಗಳ ನಡುವೆ ಮುಂದಕ್ಕೆ ಬಂತು, ಮರದ ಹಲಗೆ ಕಿರುಗುಟ್ಟಿತು. ಆಮೇಲೆ ಚಾಕ್ ಸದ್ದು, ಆದರೆ ಇದು ರೇಣುಕಾಳ ಕೈಯದಲ್ಲ, ಭಾರವಾದ, ನಿಧಾನದ ಕೈ. ಸೆಕ್ರೆಟರಿಯವರು ಹೊರಗೆ ಹೋದದ್ದು ಕೇಳಿಸಿದ ಕೂಡಲೇ ನನ್ನ ಕ್ಲಾಸನ್ನು ಹಾಗೇ ಬಿಟ್ಟು ಆ ಕಡೆಗೆ ಓಡಿದೆ.

ಬೋರ್ಡಿನ ಮೇಲೆ ರೇಣುಕಾಳ ದುಂಡಗಿನ ಅಕ್ಷರದ ಕೆಳಗೆ ದೊಡ್ಡ ದೊಡ್ಡ ಅಕ್ಷರದಲ್ಲಿ ಹೀಗಿತ್ತು: ‘ಪರೀಕ್ಷೆ ತನಕ ಇರ್ರಿ. ಆಮೇಲೆ ಬ್ಯಾಡ.’

ಮೇಷ್ಟ್ರಿಗೆ ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ಅವರು ಅದನ್ನೇ ನೋಡುತ್ತಾ ನಿಂತಿದ್ದರು. ರೇಣುಕಾ ಚಾಕ್ ಹಿಡಿದುಕೊಂಡೇ ಅಳುತ್ತಿದ್ದಳು. ನನ್ನ ಸಿಟ್ಟೆಲ್ಲ ಆ ಹುಡುಗಿಯ ಮೇಲೆ ತಿರುಗಿತು.

‘ನಾನು ಏನು ಹೇಳಿದ್ದೆ ನಿನಗೆ? ಬರೀಬ್ಯಾಡ ಅಂದಿದ್ದೆನೋ ಇಲ್ಲೋ? ಮೇಷ್ಟ್ರ ಅನ್ನಕ್ಕೆ ಕಲ್ಲು ಹಾಕಿದೆಯಲ್ಲೇ.’

‘ಬರೀಬಾರದು ಅಂತಾನೇ ಇದ್ದೆ ಮೇಡಂ’ ಅಂದಳು. ‘ಸರ್ ಮಗಳೆ ಅಂದ್ರು. ಕೈ ಬರಲಿಲ್ಲ, ಬ್ಯಾರೆ ಬರಿಯೋಕೆ.’

ಮೇಷ್ಟ್ರು ನನ್ನ ಬಾಯನ್ನು ನೋಡಿದ್ದರು. ಅವಳದನ್ನೂ ನೋಡಿದರು. ಎಂದೂ ಮುಖ ಗಂಟು ಹಾಕದವರು ಅವತ್ತು ಹಾಕಿದರು. ಹುಡುಗಿಯ ತಲೆಯ ಮೇಲೆ ಕೈ ಇಟ್ಟು ನನ್ನ ಕಡೆ ತಿರುಗಿದರು.

‘ಇವಳು ಬ್ಯಾರೆ ಬರೆದಿದ್ರೆ, ಬೋರ್ಡನ್ನೇ ನಂಬಿಕೊಂಡಿರೋ ನಾನು ಇವತ್ತೇ ಮನೆಗೆ ಹೋಗ್ತಿದ್ದೆ ಮೇಡಂ. ಯಾರೂ ಕಳಿಸೋದೇ ಬೇಕಿರಲಿಲ್ಲ.’

ಆಮೇಲೆ ಡಸ್ಟರ್ ತೆಗೆದುಕೊಂಡು ಸೆಕ್ರೆಟರಿಯವರ ಅಕ್ಷರವನ್ನು ತಾವೇ ಒರೆಸಿದರು. ರೇಣುಕಾಳಿಗೆ ಮೂಗು ಒರೆಸಿಕೊಳ್ಳಲು ಹೇಳಿ, ಮುಂದಿನ ವಾಕ್ಯ ಹೇಳಿದರು. ಪೀರಿಯಡ್ ಮುಗಿಯುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.